ಸಾಹೇಬರಿಗೆ ಭೋಗಿ ಪಲ್ಯ

"ಪನೀರ್ ಮಾಡಿದೀ ಅಂದ್ರ ನಾ ಈ ಮನ್ಯಾಗ ಇರೂದಿಲ್ಲ, ಹೇಳೇನಿ," ಎಂದು ವ್ಯಾಸರಾಜ ಗುಡುಗಿದ.

"ಹೋಗ್ರಿ. ಹೋಗೂ ಮುಂದ ಬಾಗಲಾ ಎಳಕೊಂಡು ಹೋಗ್ರಿ. ಥಂಡಿ ಒಳಗ ಬರ್ಲಿಕ್ಹತ್ತದ," ಎಂದಳು ಲೀಲಾ. ಅವಳು ಸೂಟ್‌ಕೇಸಿನ ಮುಂದೆ ಕೂತು ಸೀರೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ತಲ್ಯಾಗ ಏನರೆ ಅದನೋ ಇಲ್ಲೋ ನಿನಗ? ಸಾಹೇಬರು ಊಟಕ್ಕ ಬರ್ಲಿಕ್ಹತ್ಯಾರ. ಪನೀರ್ ಕುರ್ಮಾ, ಗೋಬಿ, ಗುಲಾಬಜಾಮೂನು ಅಂತ ಬಡಸಿದ್ರ ಏನಂತಾರ ಅವರು? ಈ ಮನಶಾ ನಾಗಪುರದಾಗ ರಾಜಾನ ಹಂಗ ಅದಾನ, ಇವನ್ನ ಧಾರವಾಡಕ್ಕ ಯಾಕ ಕಳಸಬೇಕು ಅಂತಾರ. ಅರ್ಜಿಯೊಳಗ ನಾ ಏನ್ ಬರದೀನಿ? ಇಲ್ಲಿ ಭಾಳ ತ್ರಾಸದಾಗ ಅದೀನಿ ಅಂತ ಬರದೀನಿ."

"ಹಂಗಾರ ಗಂಜಿ ಕಾಸಿ ಇಡ್ಲೇನು?"

"ಭೋಗಿ ಪಲ್ಯಾ ಮಾಡು. ನಮ್ಮವ್ವ ಮಾಡ್ತಿದ್ದಳಲ್ಲ, ಹಂಗ. ಬಜಾರದಾಗ ಅಗ್ಗ ಸಿಕ್ಕಿದ್ದೆಲ್ಲಾ ತಂದು ಒಂದ ಪಾತ್ರಿಗೆ ಹಾಕಿ ಮುಚ್ಚಿಟ್ರ ಆತು. ಖರ್ಚೂ ಇಲ್ಲ, ತ್ರಾಸೂ ಇಲ್ಲ."

ಲೀಲಾ ಮಡಿಸುತ್ತಿದ್ದ ಸೀರೆಯನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಬಂದ ಮೂರ್ಖ ಮಾತುಗಳನ್ನೆಲ್ಲ ಅವಳು ಸಹಿಸಿಕೊಂಡಿದ್ದಳು. ಆದರೆ ಅಡುಗೆಗೆ ತ್ರಾಸಿಲ್ಲ ಎಂಬ ಮಾತು ಹೊಸದು.

"ತ್ರಾಸಿಲ್ಲ ಅಂದ ಮ್ಯಾಲೆ ನೀವ ಮಾಡ್ರಿ," ಎಂದಳು. "ರೊಟ್ಟಿ ನಿನ್ನೆನ ಬಡದಿಟ್ಟೀನಿ. ಪಲ್ಯ ನಿಮ್ಮದು. ನಾ ಇವತ್ತ ಅಡಗಿಮನಿ ಹೊಚ್ಚಲಾ ದಾಟೂದಿಲ್ಲ."

"ಮಾಡ್ತೀನಿ. ಏನ್ ದೊಡ್ಡ ವಿದ್ಯಾ ಅದು?"

"ಮಾಡ್ರಿ."

ಜಗಳದ ಮೂಲ ಇಷ್ಟು. ವ್ಯಾಸರಾಜ ನಾಗಪುರದ ಒಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಲೀಲಾ ಕೇಂದ್ರೀಯ ವಿದ್ಯಾಲಯದಲ್ಲಿ ಟೀಚರು. ಅವಳಿಗೆ ಧಾರವಾಡಕ್ಕೆ ವರ್ಗವಾಗಿತ್ತು. ಹಿಂದೆಯೂ ಎರಡು ಸಲ ಆಗಿತ್ತು. ಎರಡು ಸಲವೂ 'ಗಂಡನ್ನ ಒಬ್ಬನ್ನ ಬಿಟ್ಟು ಹೆಂಗ ಹೋಗ್ಲಿ' ಎಂದು ಬೇಡವೆಂದು ಬರೆದುಕೊಟ್ಟಿದ್ದಳು. ಮೂರನೆಯ ಸಲ ಬರೆದುಕೊಡಲಿಲ್ಲ. ಮಗಳು ಚಾರುಲತಾ ಧಾರವಾಡದಲ್ಲೇ ಕಾಲೇಜಿಗೆ ಹೋಗುತ್ತಿದ್ದಳು. ಸಂಜೆಯ ರೈಲಿಗೆ ಟಿಕೆಟ್ಟೂ ಆಗಿತ್ತು. ಒಂದೇ ಒಂದು ರಿಯಾಯಿತಿಯನ್ನು ಅವಳು ಗಂಡನಿಗೆ ಕೊಟ್ಟಿದ್ದಳು: ಅವನ ವರ್ಗಕ್ಕೂ ಸಾಹೇಬರು ಇವತ್ತು ಹೂಂ ಎಂದರೆ ಟಿಕೆಟ್ ರದ್ದು ಮಾಡಿ, ರಜೆ ಹಾಕಿ, ಇಬ್ಬರೂ ಕೂಡಿಯೇ ಸಾಮಾನು ಕಟ್ಟುವುದು. ಇಲ್ಲವೆಂದರೆ ಅವಳ ದಾರಿ ಅವಳಿಗೆ.

ಹೀಗಾಗಿ ವ್ಯಾಸರಾಜನ ಮುಂದಿನ ಬದುಕೆಲ್ಲ ಉಮಾಪತಿ ಸಾಹೇಬರ ನಾಲಗೆಯ ಮೇಲೆ ಕೂತಿತ್ತು. ಉಮಾಪತಿ ಬಾಗಲಕೋಟೆ ಕಡೆಯವರು. ಹೆಂಡತಿ ಮಕ್ಕಳನ್ನು ಬೆಂಗಳೂರಿನಲ್ಲಿ ಬಿಟ್ಟು ನಾಗಪುರಕ್ಕೆ ಬಂದು, ದೊಡ್ಡ ಬಂಗಲೆಯಲ್ಲಿ ಒಬ್ಬರೇ ಇದ್ದು, ಕ್ಯಾಂಟೀನಿನ ದಾಲ್ ತಿಂದು ತಿಂದು ಮುಖವೂ ದಾಲಿನ ಬಣ್ಣಕ್ಕೆ ತಿರುಗಿತ್ತು. ಶುಕ್ರವಾರ ಅವರೇ ಕರೆದು ಹೇಳಿದ್ದರು: "ರವಿವಾರ ಭೋಗಿ ಹಬ್ಬ ಐತಿ. ನಿಮ್ಮ ಮನಿಗೆ ಊಟಕ್ಕ ಬರ್ತೀನಿ. ಧಾರವಾಡದ ವಿಚಾರ ಅಲ್ಲೇ ಕುಂತು ಹೇಳಿಬಿಡ್ತೀನಿ."

ಅಂದಿನಿಂದ ವ್ಯಾಸರಾಜನ ತಲೆಯಲ್ಲಿ ಒಂದೇ ಯೋಜನೆ. ಸಾಹೇಬರ ಕಣ್ಣಿಗೆ ತಾನು ಬಡಪಾಯಿಯಾಗಿ ಕಾಣಬೇಕು. ಹೊಸ ಫ್ರಿಜ್ಜಿನ ಮೇಲೆ ಹಳೆ ಚಾದರ ಹೊದಿಸಿದ. ಟೀವಿಯನ್ನು ಮಲಗುವ ಕೋಣೆಗೆ ಸಾಗಿಸಿದ. ಕುರ್ಚಿಗಳನ್ನು ಹೊರಗಿನ ಗ್ಯಾಲರಿಗೆ ಹಾಕಿ ನೆಲಕ್ಕೆ ಚಾಪೆ ಹಾಸಿದ. ಕಿಟಕಿಗೆ ಹರಕು ಪರದೆ ಕಟ್ಟಿದ. ಪರದೆ ಸಾಕಷ್ಟು ಹರಿದಿಲ್ಲ ಎನಿಸಿ ಕತ್ತರಿಯಿಂದ ಇನ್ನೂ ಸ್ವಲ್ಪ ಹರಿದ. ಇಂಥ ಮನೆಯಲ್ಲಿ ಪನೀರ್ ಕುರ್ಮಾ ಬಡಿಸಿದರೆ ಭಿಕ್ಷುಕ ಬಂಗಾರದ ಹಲ್ಲು ತೋರಿಸಿದಂತೆ ಆಗುತ್ತಿತ್ತು. ಅದಕ್ಕೇ ಭೋಗಿ ಪಲ್ಯ.

ಚೀಲ ಹಿಡಿದು ಗೋಕುಳಪೇಟೆಯ ಬಜಾರಿಗೆ ಹೋದ. ಅಲ್ಲಿ ಅವನಿಗೆ ಮೊದಲನೆಯ ಪಾಠವಾಯಿತು. ಸಂಕ್ರಾಂತಿಯ ಹಿಂದಿನ ದಿನದ ಭೋಗಿ ಹಬ್ಬ ಅವನೊಬ್ಬನಿಗೆ ಇರಲಿಲ್ಲ. ಇಡೀ ಮಹಾರಾಷ್ಟ್ರ ಅಂದು ಅದೇ ಪಲ್ಯ ಮಾಡುತ್ತದೆ. ಬೇರೆ ದಿನ ಕೇಳುವವರಿಲ್ಲದೆ ಬಿದ್ದಿರುವ ಅವರೆಕಾಯಿ, ಹಸಿ ಕಡಲೆ, ಗಜ್ಜರಿ, ಬದನೆಗಳು ಅಂದು ಮದುವೆಯ ಬೀಗರಂತೆ ಗತ್ತಿನಲ್ಲಿ ಕೂತಿದ್ದವು.

"ಇಷ್ಟ್ಯಾಕ ತುಟ್ಟಿ?" ಎಂದು ವ್ಯಾಸರಾಜ ತನ್ನ ಹಿಂದಿಯಲ್ಲಿ ಕೇಳಿದ.

"ಆಜ್ ಭೋಗಿ ಹೈ ಸಾಬ್. ಸಸ್ತಾ ಚಾಹಿಯೇ ತೋ ಪರಸೋಂ ಆನಾ," ಎಂದು ಮಾರುವ ಹೆಂಗಸು ಹಬ್ಬ ಮುಗಿದ ಮೇಲೆ ಬರಲು ಹೇಳಿದಳು. ಆಮೇಲೆ ಪಕ್ಕದವಳ ಕಡೆ ತಿರುಗಿ ಮರಾಠಿಯಲ್ಲಿ, "ಹಬ್ಬ ಇವತ್ತಂತೆ, ಅಗ್ಗ ಬೇಕಂತೆ," ಎಂದು ನಕ್ಕಳು. ವ್ಯಾಸರಾಜನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಬರದಿದ್ದರೆ ಒಳ್ಳೆಯದಿತ್ತು.

ಅವನು ಬಜಾರಿನ ತುದಿಯವರೆಗೆ ಹೋಗಿ, ಎಲ್ಲರೂ ಆರಿಸಿ ಬಿಟ್ಟದ್ದನ್ನು ಆರಿಸಿಕೊಂಡು ಬಂದ. ತೂತು ಬಿದ್ದ ಬದನೆ, ಬೆಂಡಾದ ಮೂಲಂಗಿ, ಮೈ ಸುಕ್ಕಾದ ಗಜ್ಜರಿ, ಒಂದು ಹೋಳು ಕುಂಬಳ. ಚೀಲದಲ್ಲಿ ಅವೆಲ್ಲ ಆಸ್ಪತ್ರೆಯ ಜನರಲ್ ವಾರ್ಡಿನ ರೋಗಿಗಳಂತೆ ಒಂದರ ಮೇಲೊಂದು ಮಲಗಿದ್ದವು.

ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲೇ ವಿಜಯಾತಾಯಿ ಸಿಕ್ಕರು. ಎದುರು ಮನೆಯವರು, ನಾಗಪುರದವರೇ. ಯಾರ ಚೀಲ ಕಂಡರೂ ಒಳಗೆ ಕೈಹಾಕಿ ನೋಡುವುದು ಅವರ ಹುಟ್ಟುಗುಣ. ನೋಡಿ, ಮರಾಠಿಯಲ್ಲಿ, "ಭಾವೂಜಿ, ಇದನ್ನ ಯಾವ ಎಮ್ಮೆಗೆ ಹಾಕ್ತೀರಿ?" ಎಂದರು.

"ಭೋಗಿ ಪಲ್ಯಕ್ಕ ತಾಯಿ. ನಾನ ಮಾಡ್ತೀನಿ."

"ನೀವೇ? ಹಸಿ ಕಡಲೆ ಇಲ್ಲ, ಅವರೆ ಇಲ್ಲ, ಬೋರೆಹಣ್ಣಿಲ್ಲ. ಇದಕ್ಕೆ ಭೋಗಿ ಅಂತಾರಾ? ಭೋಗಿ ಸರಿಯಾಗಿ ಉಣ್ಣದವರಿಗೆ ವರ್ಷವಿಡೀ ರೋಗ ಅಂತಾರೆ. ನಿಲ್ಲಿ, ನಾ ಕೊಡ್ತೀನಿ." ಒಂದು ಬುಟ್ಟಿ ಕಾಳು ತಂದು ಸುರಿದರು. ಸುರಿದವರು ವಾಪಸು ಹೋಗಲಿಲ್ಲ. ಬುಟ್ಟಿಯ ಹಿಂದೆಯೇ ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತರು.

ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಮೇಲಿನ ಮನೆಯ ಸಾವಿತ್ರಮ್ಮ ಇಳಿದು ಬಂದರು. ಮೈಸೂರಿನವರು, ಯಜಮಾನರು ಬ್ಯಾಂಕಿನಲ್ಲಿ. "ಏನ್ರೀ ಇದು, ಲೀಲಾ ಇರ್ಬೇಕಾದ್ರೆ ನೀವು ಸೌಟು ಹಿಡಿದಿದೀರಂತೆ," ಎನ್ನುತ್ತ ಬಂದವರ ಸೆರಗಿನಲ್ಲಿ ಅರ್ಧ ತೆಂಗಿನಕಾಯಿ, ಕೈಯಲ್ಲಿ ಹುಣಸೆಹಣ್ಣಿನ ಬಟ್ಟಲು. "ಹುಳಿ ಇಲ್ದೆ ತರಕಾರಿ ಬೇಯ್ಸಿದ್ರೆ ಅದು ಪಥ್ಯ ಆಗತ್ತೆ, ಹಬ್ಬದಡುಗೆ ಆಗಲ್ಲ."

ಕೆಳಗಿನ ಮನೆಯಿಂದ ಉತ್ತಪ್ಪ ಹತ್ತಿ ಬಂದ. ಮಡಿಕೇರಿ ಕಡೆಯವನು, ವಾಯುಸೇನೆಯಿಂದ ನಿವೃತ್ತನಾಗಿ ಇಲ್ಲೇ ಒಂದು ನೌಕರಿ ಹಿಡಿದಿದ್ದ. ಯುದ್ಧವಿಲ್ಲದ ಕಾರಣ ಅವನಿಗೆ ನೆರೆಮನೆಯ ಯಾವ ಗಲಾಟೆಯಾದರೂ ನಡೆಯುತ್ತಿತ್ತು. "ನೋಡಿ ವ್ಯಾಸರಾಜ್, ನಮ್ಮೂರ ಕಾಚಂಪುಳಿ ತಂದಿದೀನಿ. ಎರಡು ಚಮಚ ಸಾಕು. ನಿಮ್ಮ ಸಾಹೇಬ ಎದ್ದು ಸೆಲ್ಯೂಟ್ ಹೊಡೀಬೇಕು," ಎಂದು ಕಪ್ಪಗೆ ಎಂಜಿನ್ ಎಣ್ಣೆಯಂತಿದ್ದ ಹುಳಿಯ ಬಾಟಲಿಯನ್ನು ಕಟ್ಟೆಯ ಮೇಲಿಟ್ಟ.

ಇಷ್ಟು ಹೊತ್ತಿಗೆ ವ್ಯಾಸರಾಜನ ಪಲ್ಯ ಅವನ ಪಾತ್ರೆಗಿಂತ ದೊಡ್ಡದಾಗಿತ್ತು. ವಿಜಯಾತಾಯಿಯ ಕಾಳು, ಸಾವಿತ್ರಮ್ಮನ ಕಾಯಿ, ತನ್ನ ಬಜಾರಿನ ರೋಗಿಗಳು ಎಲ್ಲ ಸೇರಿ ರಾಶಿಯಾಗಿ, ಬೋಗುಣಿಯಿಂದ ಮೂಲಂಗಿ ಹೊರಗೆ ಇಣುಕುತ್ತಿತ್ತು.

"ದೊಡ್ಡ ಪಾತ್ರಿ ಎಲ್ಲೆದ?" ಎಂದು ಕೋಣೆಯ ಕಡೆ ಕೂಗಿದ.

"ಹೊಚ್ಚಲಾ ದಾಟೂದಿಲ್ಲ ಅಂದೀನಿ," ಎಂದು ಕೋಣೆಯಿಂದ ಉತ್ತರ ಬಂತು.

"ಪಾತ್ರೆ ತಾನೆ, ನಾನು ತರ್ತೀನಿ," ಎಂದು ಉತ್ತಪ್ಪ ಇಳಿದು ಹೋಗಿ, ಮಗುವನ್ನು ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಪಾತ್ರೆಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಸಾವಿತ್ರಮ್ಮ ಅದರೊಳಗೆ ಮೂಗು ಹಾಕಿ ನೋಡಿದರು.

"ಉತ್ತಪ್ಪನವ್ರೆ, ಇದ್ರಲ್ಲಿ ಕೊನೇ ಸಲ ಏನ್ ಮಾಡಿದ್ರಿ?"

"ಹುತ್ತರಿ ಹಬ್ಬಕ್ಕೆ ತೆಗೆದಿದ್ವಿ. ನಮ್ಮನೆಯವ್ಳು ಚೆನ್ನಾಗಿ ತೊಳ್ದಿದಾಳೆ."

"ಏನ್ ಮಾಡಿದ್ರಿ ಅಂತ ಕೇಳಿದ್ದು."

ಉತ್ತಪ್ಪ ವಿಚಾರಣೆಗೆ ನಿಂತ ಸಿಪಾಯಿಯಂತೆ ನೆಟ್ಟಗಾದ. "ಹಂದಿ," ಎಂದ.

ಸಾವಿತ್ರಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ವ್ಯಾಸರಾಜ ಪಾತ್ರೆಯಿಂದ ಕೈ ತೆಗೆದ. ಅವನು ದಿನಾ ಸಂಧ್ಯಾವಂದನೆ ಮಾಡುವವನಲ್ಲ. ಆದರೂ ಅವನ ಹೆಸರಿಗೊಂದು ಮರ್ಯಾದೆ ಇತ್ತು. ಉಮಾಪತಿ ಸಾಹೇಬರಂತೂ ಕೊರಳಲ್ಲಿ ಲಿಂಗ ಕಟ್ಟಿದವರು. ಪಾತ್ರೆ ಬಂದ ದಾರಿಯಲ್ಲೇ ಹೋಯಿತು. ಉತ್ತಪ್ಪ ಮಾತ್ರ ಹೋಗುತ್ತ, "ತೊಳೆದ ಮೇಲೆ ಪಾತ್ರೆಗೇನು ಜಾತಿ?" ಎಂದು ಗೊಣಗಿದ. ಮಾತು ಸರಿಯೇ. ಆದರೆ ಅಷ್ಟರಲ್ಲಿ ಪಾತ್ರೆ ಕೆಳಗಿನ ಮನೆ ಸೇರಿತ್ತು.

ಆಗ ವ್ಯಾಸರಾಜನ ಕಣ್ಣಿಗೆ ಬಚ್ಚಲಿನ ಹಿತ್ತಾಳೆ ಕೊಳಗ ಬಿತ್ತು. ಚಳಿಗಾಲದಲ್ಲಿ ಗೀಜರು ಕೈಕೊಟ್ಟಾಗ ಸ್ನಾನದ ನೀರು ಕಾಯಿಸುವ ಕೊಳಗ. ಅದರಲ್ಲಿ ನೀರು ಬಿಟ್ಟು ಬೇರೇನೂ ಬೆಂದಿರಲಿಲ್ಲ, ಆದ್ದರಿಂದ ಅದು ಶುದ್ಧ. ಇದು ಅವನ ತರ್ಕ. ತಿಕ್ಕಿ ತೊಳೆದ. ಬಂಗಾರದ ಹಾಗೆ ಹೊಳೆಯಿತು. ತಳಕ್ಕೆ ಎಣ್ಣೆ, ಮೇಲೆ ಬದನೆಯ ಪದರು, ಅದರ ಮೇಲೆ ಕಾಳು, ಅದರ ಮೇಲೆ ಗಜ್ಜರಿ, ಕುಂಬಳ, ಮೂಲಂಗಿ, ನಡುನಡುವೆ ಎಳ್ಳಿನ ಪುಡಿ, ಶೇಂಗಾಪುಡಿ. ಅವ್ವ ಹೀಗೆಯೇ ಪದರು ಹಾಕುತ್ತಿದ್ದಳು ಎಂದು ಅವನಿಗೆ ನೆನಪಿತ್ತು. ಅವ್ವ ಮಾಡುತ್ತಿದ್ದುದು ಮಣ್ಣಿನ ಗಡಿಗೆಯಲ್ಲಿ ಎಂಬುದು ನೆನಪಾಗಲಿಲ್ಲ.

ಸಾವಿತ್ರಮ್ಮ ಹುಣಸೆಹುಳಿ ಸುರಿದರು. ವಾಪಸು ಬಂದ ಉತ್ತಪ್ಪ, ಪಾತ್ರೆಯ ಅವಮಾನವನ್ನು ತೀರಿಸಿಕೊಳ್ಳುವವನಂತೆ, ಕಾಚಂಪುಳಿಯ ಬಾಟಲಿಯನ್ನು ಅರ್ಧ ಬಗ್ಗಿಸಿದ. ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ನೀರು ಹಾಕಿ, ಸಣ್ಣ ಉರಿಯಲ್ಲಿಟ್ಟು ಎಲ್ಲರೂ ಕಾದರು. ವ್ಯಾಸರಾಜ ಕಾಯುವ ಹೊತ್ತಿನಲ್ಲಿ ಹರಕು ಬನಿಯನ್ ಹಾಕಿಕೊಂಡು ಬಂದ.

"ಎಲ್ಲಾದ್ರೂ ಬಿದ್ರಾ?" ಎಂದು ಸಾವಿತ್ರಮ್ಮ ಕೇಳಿದರು.

"ಇಲ್ರೀ. ಸಾಹೇಬರು ಬರ್ತಾರಲ್ಲ."

ಸಾವಿತ್ರಮ್ಮನಿಗೆ ಅರ್ಥವಾಗಲಿಲ್ಲ.

ಕೊಳಗವನ್ನು ನೆಲಕ್ಕಿಳಿಸಿ ತಾಟು ತೆಗೆದಾಗ ವಿಜಯಾತಾಯಿ ಮೊದಲು ಬಗ್ಗಿ ನೋಡಿದರು. ಪಲ್ಯದ ಅಂಚಿಗೆ ಹಸಿರು ಬಣ್ಣ ಏರಿತ್ತು. ಮೆಂತ್ಯೆಯ ಹಸಿರಲ್ಲ, ಹಳೆಯ ಗುಡಿಯ ಗಂಟೆಗೆ ಹಿಡಿದಿರುತ್ತದಲ್ಲ, ಆ ಹಸಿರು. ವಿಜಯಾತಾಯಿ ಕೊಳಗದ ಒಳಮೈಯನ್ನು ಉಗುರಿನಿಂದ ಗೀರಿದರು.

"ಭಾವೂಜಿ, ಇದಕ್ಕೆ ಕಲಾಯಿ ಇಲ್ಲ."

"ನೀರು ಕಾಸೂದಕ್ಕ ಕಲಾಯಿ ಯಾಕ್ರೀ ತಾಯಿ?"

"ನೀರಿಗೆ ಬೇಡ. ಹುಳಿಗೆ ಬೇಕು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಇಷ್ಟು ಹುಳಿ ಕುದಿಸಿದ್ದೀರಿ. ಇದನ್ನ ತಿಂದರೆ ನಿಮ್ಮ ಸಾಹೇಬರು ನಿಮ್ಮನ್ನ ಧಾರವಾಡಕ್ಕಲ್ಲ, ಮೇಯೋ ಆಸ್ಪತ್ರೆಗೆ ಕಳಿಸ್ತಾರೆ, ಅದೂ ಅವರೇ ಮೊದಲು ಹೋಗಿ."

ಸಾವಿತ್ರಮ್ಮ ಉತ್ತಪ್ಪನನ್ನು ನೋಡಿದರು. "ಅಷ್ಟೊಂದು ಹುಳಿ ಯಾರ್ ಸುರೀ ಅಂದಿದ್ದು ನಿಮ್ಗೆ?"

"ಮೊದ್ಲು ಸುರಿದಿದ್ದು ನೀವು."

"ನಂದು ಹುಣಸೆ. ಹುಣಸೆ ಏನೂ ಮಾಡಲ್ಲ."

ಅವರು ಜಗಳವಾಡುತ್ತಿರುವಾಗ ವ್ಯಾಸರಾಜ ಕೊಳಗದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಸಾಹೇಬರು ಬರುವ ಹೊತ್ತಾಗಿತ್ತು. ಪಕ್ಕದ ಕೋಣೆಯಲ್ಲಿ ಸೂಟ್‌ಕೇಸಿನ ಝಿಪ್ ಎಳೆದ ಸದ್ದು ಕೇಳಿಸಿತು.

"ತಾಯಿ, ಏನರೆ ಮಾಡ್ರಿ," ಎಂದ.

ನೆರೆಯವರು ಎಷ್ಟೇ ಕೈಹಾಕಲಿ, ಹಬ್ಬದ ದಿನ ಬಂದ ಅತಿಥಿ ಒಣರೊಟ್ಟಿ ತಿಂದು ಹೋಗುವುದನ್ನು ಯಾರೂ ಸಹಿಸುವುದಿಲ್ಲ. ವಿಜಯಾತಾಯಿ ಎದುರು ಮನೆಗೆ ಹೋಗಿ ತಮ್ಮ ಮನೆಯ ಭೋಗಿ ಪಲ್ಯದ ಡಬ್ಬಿ ತಂದರು. ನಾಗಪುರದ ಕಡುಖಾರದ ಸಾವಜಿ ಮಸಾಲೆ ಹಾಕಿ ಕೆಂಪಗೆ ಕುದಿಸಿದ್ದು. ಮುಚ್ಚಳ ತೆಗೆದರೆ ಕಣ್ಣಿಗೇ ಖಾರ ತಾಗುತ್ತಿತ್ತು. ಅದನ್ನು ಕಂಡು ಸಾವಿತ್ರಮ್ಮ ಮೇಲೆ ಹೋಗಿ ಬೆಲ್ಲ, ಕಾಯಿ ಹಾಕಿದ ಅವರೆಕಾಳಿನ ಕೂಟು ತಂದರು. ತಾನು ಬರಿಗೈಯಲ್ಲಿ ನಿಲ್ಲುವುದು ಹೇಗೆ ಎಂದು ಉತ್ತಪ್ಪ, ಹೆಂಡತಿ ದಮಯಂತಿ ಮಾಡಿದ್ದ ಕಾಳುಮೆಣಸಿನ ಹುರುಳಿಕಾಯಿ ಪಲ್ಯ ತಂದ. "ಇದು ಕುಕ್ಕರಲ್ಲಿ ಮಾಡಿದ್ದು. ಕುಕ್ಕರು ಸಸ್ಯಾಹಾರಿ," ಎಂದು ಮೊದಲೇ ಹೇಳಿಬಿಟ್ಟ.

ಮೂರು ಡಬ್ಬಿ ಕಟ್ಟೆಯ ಮೇಲೆ ಸಾಲಾಗಿ ಕೂತವು. ಯಾರ ಪಲ್ಯ ಮೊದಲು ಬಡಿಸಬೇಕೆಂದು ಚರ್ಚೆ ಶುರುವಾಯಿತು. ಬುದ್ಧಿ ಇದ್ದವನಾದರೆ ಮೂರನ್ನೂ ಬೇರೆ ಬೇರೆ ಬಡಿಸಿ ಕೈತೊಳೆದುಕೊಳ್ಳುತ್ತಿದ್ದ. ಆದರೆ ವ್ಯಾಸರಾಜನಿಗೆ ಬೇರೆಯೇ ಚಿಂತೆ. ತಾಟಿನಲ್ಲಿ ಮೂರು ಬಗೆಯ ಪಲ್ಯವಿದ್ದರೆ ಸಾಹೇಬರು ಏನೆಂದುಕೊಂಡಾರು? ಬಡವನ ಮನೆಯಲ್ಲಿ ಮೂರು ಪಲ್ಯ ಎಲ್ಲಿಂದ ಬರಬೇಕು? ಅವನು ಮೂರೂ ಡಬ್ಬಿ ಎತ್ತಿ ಒಂದೇ ಬೋಗುಣಿಗೆ ಸುರಿದು, ಮೇಲೆ ಒಂದು ಮುಷ್ಟಿ ಶೇಂಗಾಪುಡಿ ಉದುರಿಸಿ, ಸೌಟು ಹಾಕಿ ತಿರುವಿ, ತಾಟು ಮುಚ್ಚಿ ಒಲೆಗಿಟ್ಟ.

ಸಾವಿತ್ರಮ್ಮ ಕಣ್ಣು ಮುಚ್ಚಿಕೊಂಡರು. ಅವರ ಕೂಟು ಹೋಗಿ ಸಾವಜಿಯ ಜತೆ ಸೇರಿತ್ತು.

ಆಗಲೇ ಕೆಳಗೆ ಕಾರು ನಿಂತ ಸದ್ದಾಯಿತು.

ಉಮಾಪತಿ ಸಾಹೇಬರು ದೊಡ್ಡ ಮೈಯವರು. ಚಾಪೆಯ ಮೇಲೆ ಕೂರುವಾಗ ಗೋಡೆ ಹಿಡಿದುಕೊಂಡರು. ಕೂತವರು ಹರಕು ಪರದೆ ನೋಡಿದರು, ಖಾಲಿ ಗೋಡೆ ನೋಡಿದರು, ವ್ಯಾಸರಾಜನ ಬನಿಯನ್ನಿನ ತೂತು ನೋಡಿದರು. ವ್ಯಾಸರಾಜನಿಗೆ ಒಳಗೊಳಗೆ ಹಿಗ್ಗು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇಟ್ಟ, ಪಕ್ಕಕ್ಕೆ ಪಲ್ಯ ಬಡಿಸಿದ. "ನಮ್ಮಂಥವರ ಮನ್ಯಾಗ ಇಷ್ಟ ಸರ್. ಅಗ್ಗದ ಕಾಯಿಪಲ್ಯಾ. ನಡಸ್ಕೋಬೇಕು," ಎಂದ. ನೆರೆಯ ಮೂವರೂ ಬಾಗಿಲಿನ ಹೊರಗೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತರು.

ಸಾಹೇಬರು ಒಂದು ತುತ್ತು ಇಟ್ಟರು. ಅಗಿದರು. ಇನ್ನೊಂದು ತುತ್ತು. ಮೂರನೆಯ ತುತ್ತಿಗೆ ಅವರ ಕಣ್ಣಲ್ಲಿ ನೀರು ಇಳಿಯಿತು.

"ಖಾರ ಆತೇನ್ರೀ ಸರ್?" ಎಂದು ವ್ಯಾಸರಾಜ ಹೆದರಿದ.

ಸಾಹೇಬರು ಕೈಸನ್ನೆಯಿಂದ ಅವನನ್ನು ಸುಮ್ಮನಿರಿಸಿ, ರೊಟ್ಟಿ ಮುಗಿಸಿ, ಇನ್ನೊಂದು ಹಾಕಿಸಿಕೊಂಡು, ಅದನ್ನೂ ಮುಗಿಸಿದರು. ಆಮೇಲೆ ಗೋಡೆಗೆ ಒರಗಿದರು.

"ನಮ್ಮವ್ವ ಹಿಂಗ ಮಾಡ್ತಿದ್ಲು ವ್ಯಾಸರಾಜ," ಎಂದರು. "ಮನ್ಯಾಗ ಏನೂ ಇರ್ತಿರಲಿಲ್ಲ. ನಾಕ ಮನ್ಯಾಗ ಬೇಡಿ ತಂದಿದ್ದು, ಹೊಲದಾಗ ಸಿಕ್ಕಿದ್ದು ಎಲ್ಲಾ ಒಂದ ಗಡಿಗಿಗೆ ಹಾಕಿ ಕುದಸಾಕಿ. ಖಾರ, ಸಿಹಿ, ಹುಳಿ, ಯಾವುದು ಯಾವುದಂತ ತಿಳೀತಿರಲಿಲ್ಲ. ಆದ್ರ ಹೊಟ್ಟಿ ತುಂಬತಿತ್ತು."

"ಹೌದ್ರೀ ಸರ್."

"ನಿಮ್ಮ ಅರ್ಜಿ ನೋಡೀನಿ. ಧಾರವಾಡದಾಗ ಒಂದ ಜಾಗಾ ಖಾಲಿ ಐತಿ."

ಕೋಣೆಯ ಬಾಗಿಲಿಗೆ ಲೀಲಾ ಬಂದು ನಿಂತಿದ್ದನ್ನು ವ್ಯಾಸರಾಜ ಓರೆಗಣ್ಣಿನಿಂದ ನೋಡಿದ. ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದ.

"ಖರೆ ಹೇಳ್ತೀನಿ," ಎಂದರು ಸಾಹೇಬರು. "ಆ ಜಾಗಾ ಮೊದಲ ನನ್ನ ಕೇಳಿದ್ರು. ನನ್ನ ದರ್ಜೆಗಿಂತ ಸಣ್ಣದು. ಕಾರಿಲ್ಲ, ಬಂಗ್ಲೆ ಇಲ್ಲ. ಅದಕ್ಕ ನಾ ಒಲ್ಲೆ ಅಂದು, ನಿಮ್ಮ ಹೆಸರು ಕಳಸಬೇಕು ಅಂತ ಮಾಡಿದ್ದೆ. ಅದನ್ನ ಹೇಳಾಕ ಬಂದೆ."

"ಭಾಳ ಉಪಕಾರಾತ್ರಿ ಸರ್."

"ತಡೀರಿ. ಇಲ್ಲಿ ಬಂದು ಕುಂತು ಈ ಊಟ ಉಂಡ ಮ್ಯಾಲ ನನ್ನ ಕಣ್ಣು ತೆರೀತು. ನಿಮ್ಮನ್ನ ನೋಡ್ರಿ. ಟೀವಿ ಇಲ್ಲ, ಫ್ರಿಜ್ ಇಲ್ಲ, ಕುಂದರಾಕ ಒಂದ ಕುರ್ಚಿ ಇಲ್ಲ. ಮೈಮ್ಯಾಲ ನೆಟ್ಟನ ಬನಿಯನ್ ಇಲ್ಲ. ಆದ್ರೂ ಎಷ್ಟ ಸುಖದಾಗ ಅದೀರಿ. ಇಷ್ಟ ಅಗ್ಗದ ಊಟ, ಇಷ್ಟ ರುಚಿ. ನಾ ಬಂಗ್ಲೆದಾಗ ಒಬ್ಬನ ಕುಂತು ಸಪ್ಪನ್ನ ದಾಲ್ ತಿಂತೀನಿ. ನನಗ ಯಾಕ ಬೇಕು ಕಾರು, ಬಂಗ್ಲೆ? ಮನಶಾಗ ತನ್ನ ಊರು ಬೇಕು, ಒಂದ ಗಡಿಗಿ ಪಲ್ಯ ಬೇಕು. ಆ ಧಾರವಾಡದ ಜಾಗಕ್ಕ ನಾನ ಹೊಂಟೆ."

ವ್ಯಾಸರಾಜನ ಕೈಯಲ್ಲಿದ್ದ ಸೌಟು ತಾಟಿಗೆ ಬಿತ್ತು.

"ಸರ್," ಎಂದ. ಎದ್ದು ಓಡಿ ಹೋಗಿ ಮೂಲೆಯ ಚಾದರ ಎಳೆದು ಹಾಕಿದ. ಎರಡು ಬಾಗಿಲಿನ ಫ್ರಿಜ್ಜು ಥಳಥಳ ಹೊಳೆಯಿತು. "ಸರ್, ಫ್ರಿಜ್ ಅದ ಸರ್. ಟೀವಿನೂ ಅದ, ಒಳಗ ಅದ. ಕುರ್ಚಿ ಗ್ಯಾಲರಿಯೊಳಗ ಅವ. ಪರದೆ ನಾನ ಕತ್ತರಿಸೀನಿ."

ಸಾಹೇಬರು ಫ್ರಿಜ್ಜನ್ನೂ ಅವನನ್ನೂ ನೋಡಿದರು. ಅವರ ಮುಖದಲ್ಲಿ ಭಕ್ತಿ ಮೂಡಿತು.

"ಎಲ್ಲಾ ಇದ್ದೂ ನೆಲದ ಮ್ಯಾಲ ಕುಂತು ರೊಟ್ಟಿ ಉಣ್ತೀರಿ. ಇದಕ್ಕ ಅನ್ನೂದು ವೈರಾಗ್ಯ," ಎಂದರು.

"ಅಲ್ರೀ ಸರ್. ಪಲ್ಯ ನಾ ಮಾಡಿದ್ದಲ್ಲ. ನಂದು ಕೆಟ್ಟು ಹೋತು. ಇದು ಈ ಮೂರೂ ಮನೀದು, ಕೂಡಿಸಿದ್ದು."

"ಸಾವಜಿ ನಂದು," ಎಂದರು ಬಾಗಿಲಿನಿಂದ ವಿಜಯಾತಾಯಿ. "ಕೂಟು ನಂದು," ಎಂದರು ಸಾವಿತ್ರಮ್ಮ. ಉತ್ತಪ್ಪ ಎದೆ ಉಬ್ಬಿಸಿ ನಿಂತ.

ಸಾಹೇಬರು ಕೈಮುಗಿದರು. "ಇಂಥಾ ಮಂದಿ ನಡುವ ಇದ್ದು ತ್ರಾಸದಾಗ ಅದೀನಿ ಅಂತ ಬರದೀರಲ್ರೀ. ಎಲ್ಲಿಗೂ ಹೋಗಬ್ಯಾಡ್ರಿ. ನಾ ಹೋದ ಮ್ಯಾಲ ನನ್ನ ಕೆಲಸಾನೂ ನೀವ ನೋಡ್ಕೊಳ್ರಿ, ಹೊಸಾ ಸಾಹೇಬ ಬರೂತನಕಾ. ಪಗಾರ ಅದ ಇರ್ತೈತಿ. ನಿಮಗೇನು, ನೀವು ರೊಕ್ಕದ ಹಿಂದ ಬಿದ್ದವರಲ್ಲ."

ಲೀಲಾ ಒಳಗೆ ಹೋದಳು. ಹೊರಗೆ ಬಂದಾಗ ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ನೀರಿನ ಬಾಟಲಿ. ಸ್ವೆಟರ್ ಹಾಕಿಕೊಂಡು, ಮೇಲೆ ಸೆರಗು ಹೊದ್ದುಕೊಂಡಿದ್ದಳು.

"ಸಾವಕಾಶ ಊಟ ಮಾಡ್ರಿ ಸರ್," ಎಂದಳು.

"ಎಲ್ಲಿಗೆ ಹೊಂಟ್ರಿ ಅಕ್ಕಾರ?"

"ಧಾರವಾಡಕ್ಕ. ನನ್ನ ವರ್ಗಾ ಆಗೇದ."

"ಹೌದಾ?" ಸಾಹೇಬರಿಗೆ ಖುಷಿಯಾಯಿತು. "ಭಾಳ ಛಲೋ ಆತು. ಬರೂ ತಿಂಗಳ ನಾನೂ ಬರ್ತೀನಿ. ಏನರೆ ಮರತು ಹೋಗಿದ್ರ ಇವರು ನನ್ನ ಕೈಯಾಗ ಕೊಟ್ಟು ಕಳಸ್ತಾರ."

ಲೀಲಾ ಗಂಡನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವ್ಯಾಸರಾಜ ಏನಾದರೂ ಮಾತಾಡುತ್ತಿದ್ದ. "ಆ ಹಿತ್ತಾಳಿ ಕೊಳಗಾ ತಿಕ್ಕಿ ಇಡ್ರಿ, ಹಂಗ ಬಿಟ್ರ ತೂತು ಬೀಳ್ತದ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು. ನೆರೆಯ ಮೂವರೂ ದಾರಿ ಬಿಟ್ಟರು. ಮೆಟ್ಟಿಲಲ್ಲಿ ಸೂಟ್‌ಕೇಸಿನ ಗಾಲಿಗಳು ಒಂದೊಂದೇ ಮೆಟ್ಟಿಲಿಗೆ ದಡ್ ದಡ್ ಎಂದು ಇಳಿದವು. ಕೆಳಗೆ ಆಟೋ ನಿಂತಿತು, ಹೊರಟಿತು.

"ವ್ಯಾಸರಾಜ, ತಳದಾಗಿಂದು ಒಂಚೂರು ಹಾಕ್ರಿ," ಎಂದು ಸಾಹೇಬರು ತಾಟು ಮುಂದೆ ಮಾಡಿದರು.

ವ್ಯಾಸರಾಜ ಬೋಗುಣಿಯ ತಳ ಕೆರೆಯುತ್ತ ಬಾಗಿಲ ಕಡೆಯೇ ನೋಡುತ್ತಿದ್ದ. ಏನಾದರೂ ಮರೆತು ಹೋಗಿದ್ದರೆ ಅರ್ಧ ದಾರಿಯಿಂದ ತಿರುಗಿ ಬಂದಾಳು ಎಂದು ಅವನ ಆಸೆ. ಆದರೆ ಲೀಲಾ ಏನನ್ನೂ ಮರೆಯುವ ಹೆಂಗಸಲ್ಲ.